ಊಟಿಯ ಉಗಿಬಂಡಿಯಲ್ಲಿ ಮುಹೂರ್ತದ ಓಟ: ಹಾಸ್ಯ ನಾಟಕಕ್ಕೆ ನಂಬುವಂಥ ಅಡಚಣೆಗಳು ಬೇಕು

ರಂಗಸಜ್ಜು ಕೇಳಿದ್ದು:

ನಮ್ಮ ಹವ್ಯಾಸಿ ತಂಡಕ್ಕೆ 75 ನಿಮಿಷದ ಹಾಸ್ಯ ನಾಟಕ ಬರೆಯುತ್ತಿದ್ದೇನೆ. ಕಾಲ 1962ರ ಮೇ ತಿಂಗಳು. ಕೊಯಮತ್ತೂರು ಕಡೆಯ, ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ ಕುಟುಂಬ. ಮದುವೆ ಊಟಿಯಲ್ಲಿ, ಅಭಿಜಿನ್ ಲಗ್ನಕ್ಕೆ. ದಿಬ್ಬಣ ಹಿಂದಿನ ದಿನವೇ ಬೆಟ್ಟ ಹತ್ತಿದೆ. ಮಾಂಗಲ್ಯ ಮಾತ್ರ ವರನ ಸೋದರಮಾವನ ಹತ್ತಿರ ಉಳಿದುಬಿಟ್ಟಿದೆ. ಅವನು ಬೆಳಗಿನ ಉಗಿಬಂಡಿ ಹಿಡಿದು ಮೆಟ್ಟುಪಾಳ್ಯಂನಿಂದ ಹೊರಟಿದ್ದಾನೆ. ಜೊತೆಗೆ ಒಬ್ಬ ಅತ್ತೆ, ಒಬ್ಬ ಪುರೋಹಿತ, ಒಂದು ಗೊನೆ ಬಾಳೆಹಣ್ಣು.

ನನಗೆ ಬೇಕಿರುವುದು ಇಷ್ಟು. ಈ ಬಂಡಿ ತಡವಾಗಲು ನಿಜವಾಗಿ ಏನೇನು ಕಾರಣ ಇರುತ್ತವೆ, ಒಂದೊಂದಕ್ಕೆ ಎಷ್ಟು ನಿಮಿಷ ಹೋಗುತ್ತದೆ? ಕಳೆದ ಹೊತ್ತನ್ನು ಡ್ರೈವರ್ ಮತ್ತೆ ಗಳಿಸಬಹುದೇ? ಕಲ್ಲಿದ್ದಲು ಮುಗಿದು ಬೆಂಚು, ಪೆಟ್ಟಿಗೆ ಎಲ್ಲ ಒಡೆದು ಉರಿಸುವ ದೃಶ್ಯ ಇಡಬಹುದೇ? ಮಾವ ಬೋಗಿಯಿಂದ ಬೋಗಿಗೆ ದಾಟಿ ಇಂಜಿನ್‌ವರೆಗೆ ಹೋಗಬಹುದೇ? ರೈಲ್ವೆಯಲ್ಲಿ ದುಡಿದವರು ಸಭೆಯಲ್ಲಿ ಕೂತಿದ್ದರೂ ತಪ್ಪು ಹುಡುಕಬಾರದು, ಆ ಮಟ್ಟದ ವಿವರ ಬೇಕು.

ಹಲ್ಲುಹಳಿ ಬರೆದದ್ದು:

ಮೇಡಂ, ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಈ ಮಾರ್ಗದಲ್ಲಿ ಯಾರೂ ವೇಗ ಹೆಚ್ಚಿಸಿ ಹೊತ್ತು ಗಳಿಸಲಾರರು. ಕಲ್ಲಾರ್‌ನಿಂದ ಕೂನೂರುವರೆಗೆ ಸುಮಾರು 20 ಕಿಲೋಮೀಟರ್ ಹಲ್ಲುಪಟ್ಟಿಯ ಹಳಿ, ಅಂದರೆ ಹಳಿಗಳ ನಡುವಿನ ಹಲ್ಲುಗಳ ಪಟ್ಟಿಯನ್ನು ಇಂಜಿನ್‌ನ ಹಲ್ಲುಚಕ್ರ ಹಿಡಿದು ಏರುತ್ತದೆ. ಅಲ್ಲಿ ಗರಿಷ್ಠ ವೇಗವೇ ಗಂಟೆಗೆ 13 ಕಿಲೋಮೀಟರ್. ಹತ್ತಾರು ಜನ ಸೇರಿ ಒತ್ತಾಯಿಸಿದರೂ ಅದು 14 ಆಗದು. ಓಟವೆಲ್ಲ ನಡೆಯಬೇಕಾದ್ದು ಬಂಡಿ ನಿಂತಿರುವಾಗ, ಅಂದರೆ ನೀರು ತುಂಬಿಸುವಲ್ಲಿ, ಸ್ಟೀಮ್ ಕಟ್ಟುವಲ್ಲಿ, ಬಾವುಟ ತೋರಿಸುವಲ್ಲಿ. ನಿಮ್ಮ ನಗು ಅಲ್ಲೇ ಇದೆ. ಮಾವನ ಎದೆ ಓಡುತ್ತಿರಬೇಕು, ಬಂಡಿ ಓಡಬಾರದು.

ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿಲೋಮೀಟರ್, ಮೀಟರ್ ಗೇಜ್. ಕೂನೂರುವರೆಗೆ 1899ರಲ್ಲಿ, ಊಟಿವರೆಗೆ 1908ರಲ್ಲಿ ತೆರೆಯಿತು. 208 ತಿರುವು, 16 ಸುರಂಗ, 250 ಸೇತುವೆ. ಮೊದಲ 8 ಕಿಲೋಮೀಟರ್ ಸಾಧಾರಣ ಹಳಿ. ಕಲ್ಲಾರ್ ದಾಟಿದ ಮೇಲೆ ಪ್ರತಿ 12.5 ಮೀಟರಿಗೆ 1 ಮೀಟರ್ ಏರು. ಎರಡು ಹಳಿಗಳ ನಡುವೆ ಅಬ್ಟ್ ಪದ್ಧತಿಯ ಎರಡು ಹಲ್ಲುಪಟ್ಟಿಗಳು ಅಕ್ಕಪಕ್ಕ ಕೂತಿವೆ. ಒಂದರ ಹಲ್ಲಿಗೆ ಇನ್ನೊಂದರ ಸಂದು ಎದುರಾಗುವಂತೆ ಅರ್ಧ ಹೆಜ್ಜೆ ಸರಿಸಿ ಕೂಡಿಸಿರುತ್ತಾರೆ. ಹಾಗಾಗಿ ಇಂಜಿನ್‌ನ ಹಲ್ಲುಚಕ್ರಕ್ಕೆ ಯಾವಾಗಲೂ ಒಂದಲ್ಲ ಒಂದು ಪಟ್ಟಿಯಲ್ಲಿ ಹಿಡಿತ ಸಿಕ್ಕೇ ಇರುತ್ತದೆ. ವೇಗ ಮೀರಿದರೆ ಚಕ್ರದ ಹಲ್ಲು ಪಟ್ಟಿಯ ಮೇಲೆ ಏರಿಬಿಡುವ ಅಪಾಯ ಇದೆ. ಬುದ್ಧಿ ನೆಟ್ಟಗಿರುವ ಡ್ರೈವರ್ ಯಾರೂ ಅದಕ್ಕೆ ಕೈ ಹಾಕುವುದಿಲ್ಲ. ಹಾಗೆ ಮಾಡುವ ಪಾತ್ರವನ್ನು ದಯವಿಟ್ಟು ಬರೆಯಬೇಡಿ.

ಎರಡನೆಯದು, ಇಂಜಿನ್ ಮುಂದೆ ಇರುವುದಿಲ್ಲ, ಹಿಂದೆ ಇರುತ್ತದೆ. ಏರುವಾಗ ಅದು ಬೋಗಿಗಳನ್ನು ಕೆಳಗಿನಿಂದ ತಳ್ಳುತ್ತದೆ. ಕೊಂಡಿ ಕಳಚಿದರೂ ಬೋಗಿ ಇಂಜಿನ್‌ಗೇ ಆತುಕೊಂಡು ನಿಲ್ಲಲಿ ಎಂದು ಹೀಗೆ ಮಾಡಿದ್ದಾರೆ. ಬೇರೆ ರೈಲು ಹಾಸ್ಯಗಳಲ್ಲಿ ಬರುವ ‘ಕೊಂಡಿ ಬಿಚ್ಚಿದ್ದಕ್ಕೆ ಬೋಗಿ ಹಿಂದೆ ಉಳಿಯಿತು’ ಎನ್ನುವ ಪ್ರಸಂಗ ಇಲ್ಲಿ ನಡೆಯುವುದೇ ಇಲ್ಲ.

ಇದರಿಂದ ನಿಮಗೊಂದು ದೊಡ್ಡ ಲಾಭ ಇದೆ. ಡ್ರೈವರ್ ಹಿಂದಿದ್ದಾನೆ, ಅವನಿಗೆ ಮುಂದಿನ ಹಳಿ ಕಾಣುವುದಿಲ್ಲ. ಪ್ರತಿ ಬೋಗಿಯ ಮುಂದಿನ ಕಟ್ಟೆಯ ಮೇಲೆ ಒಬ್ಬ ಬ್ರೇಕ್ಸ್‌ಮನ್ ಕೆಂಪು, ಹಸಿರು ಬಾವುಟ ಹಿಡಿದು ನಿಂತಿರುತ್ತಾನೆ. ತುದಿಯವನು ಹಳಿ ನೋಡಿ ಬಾವುಟ ತೋರಿಸುತ್ತಾನೆ. ಅವನ ಹಿಂದಿನವನು ಅದನ್ನೇ ತೋರಿಸುತ್ತಾನೆ. ಹೀಗೆ ಕೈಯಿಂದ ಕೈಗೆ ಸುದ್ದಿ ಇಂಜಿನ್ ತಲುಪುತ್ತದೆ. ಬೋಗಿಯ ಬ್ರೇಕು ಹಾಕುವವನೂ ಬಿಡುವವನೂ ಅವನೇ. ಬೋಗಿಗಳಲ್ಲಿ ಓಣಿ ಇಲ್ಲ. ಒಂದೊಂದು ಖಾನೆಗೂ ಪಕ್ಕದಲ್ಲಿ ಅದರದೇ ಬಾಗಿಲು. ಒಳಗಿನಿಂದ ಇನ್ನೊಂದು ಖಾನೆಗೆ ದಾಟಲು ದಾರಿ ಇಲ್ಲ, ಬೋಗಿಯಿಂದ ಬೋಗಿಗಂತೂ ಮೊದಲೇ ಇಲ್ಲ. ಮಾವನಿಗೆ ಡ್ರೈವರ್ ಹತ್ತಿರ ಒಂದು ಮಾತು ಮುಟ್ಟಿಸಬೇಕಾದರೆ ಕಿಟಕಿಯಿಂದ ತಲೆ ಹಾಕಿ ಬ್ರೇಕ್ಸ್‌ಮನ್‌ಗೆ ಕೂಗಬೇಕು, ಅವನು ತನ್ನ ಹಿಂದಿನವನಿಗೆ ಕೂಗಬೇಕು. ‘ಮುಹೂರ್ತ ಮೀರುತ್ತೆ’ ಎಂದು ಹೊರಟ ಮಾತು ಇಂಜಿನ್ ತಲುಪುವ ಹೊತ್ತಿಗೆ ಏನಾಗಿರುತ್ತದೆ ಎಂಬುದು ನಿಮ್ಮ ಕೈಯಲ್ಲಿದೆ. ಬ್ರೇಕ್ಸ್‌ಮನ್‌ಗಳು ತಮಿಳಿನವರು, ಮಾವ ಕನ್ನಡದವನು. ದೃಶ್ಯ ಬೆಳೆಸಲು ಇಷ್ಟು ಸಾಕು.

ಅಡಚಣೆಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಮೂರು.

ಕಲ್ಲಾರ್‌ನಲ್ಲಿ ಹಲ್ಲುಪಟ್ಟಿ ಶುರುವಾಗುವ ಜಾಗ. ಪಟ್ಟಿಯ ಮೊದಲ ತುಂಡನ್ನು ಸ್ಪ್ರಿಂಗ್ ಮೇಲೆ ಕೂರಿಸಿರುತ್ತಾರೆ. ಇಂಜಿನ್ ನಡಿಗೆಯ ವೇಗಕ್ಕಿಳಿದು ಅದರ ಮೇಲೆ ಬರಬೇಕು. ಹಲ್ಲಿಗೆ ಹಲ್ಲು ಎದುರಾದರೆ ತುಂಡು ಸ್ವಲ್ಪ ಕುಸಿದು, ಕಡಕಡ ಸದ್ದಾಗಿ, ಮುಂದಿನ ಸಂದಿಗೆ ಚಕ್ರ ಕೂರುತ್ತದೆ. ಅವಸರ ಮಾಡಿದರೆ ಜೋರು ಹೊಡೆತ. ಆಗ ಡ್ರೈವರ್ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ, ಮತ್ತೆ ಮೆಲ್ಲಗೆ ಬರುತ್ತಾನೆ. ನಾಲ್ಕು ನಿಮಿಷ ಕೊಡಿ.

ಹಿಲ್‌ಗ್ರೋವ್‌ನಲ್ಲಿ ನೀರು. ನೀರಿನ ಕಂಬದ ಕೊಳವೆ ಇಂಜಿನ್ ತೊಟ್ಟಿಯ ಬಾಯಿಗೆ ನೇರ ಬರುವಂತೆ ಬಂಡಿ ನಿಲ್ಲಬೇಕು. ಎರಡು ಮೀಟರ್ ಮುಂದೆ ಹೋಯಿತೆಂದರೆ ಹಿಂದೆ ಸರಿಯಲೇಬೇಕು. ಹಿಂದೆ ಸರಿಯಬೇಕಾದರೆ ಎಲ್ಲ ಬ್ರೇಕ್ಸ್‌ಮನ್‌ಗಳೂ ಬಾವುಟ ಬದಲಿಸಿ, ಬ್ರೇಕು ಸಡಿಲಿಸಿ, ಮತ್ತೆ ಬಿಗಿಯಬೇಕು. ಆರು ನಿಮಿಷ. ಅದೇ ನಿಲ್ದಾಣದಲ್ಲಿ ಕೋತಿಗಳಿವೆ. ಪ್ರಯಾಣಿಕರು ಕಾಫಿ, ತಿಂಡಿಗೆ ಇಳಿಯುತ್ತಾರೆ, ಕೋತಿಗಳು ಅದಕ್ಕೇ ಕಾದಿರುತ್ತವೆ. ಬಾಳೆಗೊನೆಯನ್ನೂ ಮಾಂಗಲ್ಯವನ್ನೂ ಒಂದೇ ಅರಿಶಿನ ಬಟ್ಟೆಯಲ್ಲಿ ಕಟ್ಟಿದ್ದರೆ ಮುಂದಿನದನ್ನು ನಾನು ಹೇಳಬೇಕಿಲ್ಲ. ಕೋತಿ ತಿನ್ನುವ ವಸ್ತುವನ್ನು ಇಟ್ಟುಕೊಂಡು ಮಿಕ್ಕದ್ದನ್ನು ಎಸೆಯುತ್ತದೆ. ಆದ್ದರಿಂದ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಕೆಳಗೆ ಕಾದು ನಿಲ್ಲುವುದೇ ಜಾಣತನ. ಅತ್ತೆಗೆ ಅದು ಗೊತ್ತು, ಮಾವನಿಗೆ ಗೊತ್ತಿಲ್ಲ. ಒಂಬತ್ತು ನಿಮಿಷ.

ಮೂರನೆಯದು ನಮಸ್ಕಾರ. ರೈಲ್ವೆ ನಿಯಮದಲ್ಲಿ ಹಗಲು ಹೊತ್ತು ಕೆಂಪು ಬಾವುಟ ಕೈಯಲ್ಲಿ ಇಲ್ಲದಾಗ, ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಅಂಗೈ ತೆರೆದು ತೋರಿಸಿದರೆ ‘ನಿಲ್ಲು’ ಎಂದರ್ಥ. ಹಳಿಯ ಪಕ್ಕದಲ್ಲಿ ಭಕ್ತನೊಬ್ಬ ಉಗಿಬಂಡಿಗೆ ಎರಡೂ ಕೈ ಎತ್ತಿ ನಮಸ್ಕರಿಸಿದ ಎನ್ನಿ. ತಿರುವಿನಲ್ಲಿ ಕೈಗಳಷ್ಟೇ ಕಂಡ ಬ್ರೇಕ್ಸ್‌ಮನ್ ಕೆಂಪು ಬಾವುಟ ಹಿಡಿಯುತ್ತಾನೆ. ನಿಂತ ಮೇಲೆ ಗಾರ್ಡ್ ಇಳಿದು ಹೋಗಿ ಕಾರಣ ವಿಚಾರಿಸದೆ ಬಂಡಿ ಹೊರಡುವಂತಿಲ್ಲ. ಐದು ನಿಮಿಷ. ಅಲ್ಲಿ ಬಂಡೆ ಉರುಳಿದ್ದೂ ಇರಬಹುದಲ್ಲವೇ, ಹಾಗಾಗಿ ಬ್ರೇಕ್ಸ್‌ಮನ್ ಮಾಡಿದ್ದು ಸರಿಯೇ. ಅವನನ್ನು ದಡ್ಡನಂತೆ ತೋರಿಸಬೇಡಿ.

ಬಾಯ್ಲರ್‌ಕಡ್ಡಿ ಬರೆದದ್ದು:

ಮೇಲಿನವರು ಹಳಿಯ ಕಡೆಯದನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಬೆಂಕಿ, ನೀರಿನ ಕಡೆಯದನ್ನು ಹೇಳುತ್ತೇನೆ.

ನಿಮ್ಮ ಕಾಲಕ್ಕೆ ಸರಿಹೊಂದುವುದು ಎಕ್ಸ್ ದರ್ಜೆಯ ಇಂಜಿನ್. ಸ್ವಿಟ್ಜರ್‌ಲೆಂಡಿನ ವಿಂಟರ್‌ತೂರ್ ಕಾರ್ಖಾನೆಯದು. ಕೊನೆಯ ತಂಡ 1952ರಲ್ಲಿ ಬಂತು, ಅಂದರೆ 1962ಕ್ಕೆ ಅವು ಹೊಸವೇ. ನಾಲ್ಕು ಸಿಲಿಂಡರ್. ಕೆಳಗಿನ ಎರಡು ಸಾಧಾರಣ ಚಕ್ರಗಳನ್ನು ತಿರುಗಿಸುತ್ತವೆ. ಹಲ್ಲುಹಳಿ ಬಂದಾಗ ಕೆಳಗಿನವು ಬಳಸಿ ಬಿಟ್ಟ ಉಗಿಯೇ ಮೇಲಿನ ಎರಡಕ್ಕೆ ಹೋಗಿ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಈಗ ಎಣ್ಣೆ ಉರಿಸುವ ಇಂಜಿನ್‌ಗಳೂ ಇವೆ, ಆದರೆ 1962ಕ್ಕೆ ಕಲ್ಲಿದ್ದಲೇ ಸರಿ.

ಏರಿನಲ್ಲಿ ಬಂಡಿ ನಿಲ್ಲುವುದಕ್ಕೆ ಬಹಳ ಸಲ ಕಾರಣ ಸ್ಟೀಮ್ ಇಳಿದದ್ದು. ಫೈರ್‌ಮನ್ ಒಂದೇ ಸಲಕ್ಕೆ ತುಂಬ ಕಲ್ಲಿದ್ದಲು ಸುರಿದರೆ ಬೆಂಕಿ ಉಸಿರುಗಟ್ಟುತ್ತದೆ, ಕಪ್ಪು ಹೊಗೆ ದಟ್ಟವಾಗುತ್ತದೆ, ಉಗಿಯ ಒತ್ತಡ ತೋರಿಸುವ ಮುಳ್ಳು ಇಳಿಯುತ್ತದೆ. ಕಡಿಮೆ ಹಾಕಿದರೆ ಬೆಂಕಿಯ ಹಾಸಿನಲ್ಲಿ ತೂತು ಬಿದ್ದು ತಣ್ಣನೆ ಗಾಳಿ ನುಗ್ಗುತ್ತದೆ, ಆಗಲೂ ಮುಳ್ಳು ಇಳಿಯುತ್ತದೆ. ಕಲ್ಲಿದ್ದಲು ಕಳಪೆಯಾದರೆ ಬೂದಿ ಕರಗಿ ಜಾಲರಿಯ ಮೇಲೆ ಗಟ್ಟಿ ಹೆಪ್ಪಾಗಿ ಕೂತು ಕೆಳಗಿನ ಗಾಳಿಯನ್ನೇ ಮುಚ್ಚುತ್ತದೆ. ಅದನ್ನು ಉದ್ದನೆಯ ಸಲಾಕೆಯಿಂದ ಒಡೆದು ಎಬ್ಬಿಸಬೇಕು. ಇದಾವುದಾದರೂ ಆದಾಗ ಬಂಡಿ ನಿಲ್ಲಿಸಿ, ಬ್ಲೋಅರ್ ತೆರೆದು, ಚಿಮಣಿಯ ಬುಡದಲ್ಲಿ ಉಗಿ ಚಿಮ್ಮಿಸಿ ಗಾಳಿ ಎಳೆಸಿ, ಮುಳ್ಳು ಮತ್ತೆ ಏರುವವರೆಗೆ ಕಾಯಬೇಕು. ಹತ್ತರಿಂದ ಹದಿನೈದು ನಿಮಿಷ. ಆ ಹೊತ್ತಿನಲ್ಲಿ ಯಾರಿಗೂ ಮಾಡಲು ಏನೂ ಇರುವುದಿಲ್ಲ, ಎಲ್ಲರೂ ಒತ್ತಡದ ಮುಳ್ಳನ್ನೇ ನೋಡುತ್ತಾ ನಿಲ್ಲುತ್ತಾರೆ. ರಂಗದ ಮೇಲೆ ಇದಕ್ಕಿಂತ ಒಳ್ಳೆಯ ಕ್ಷಣ ಸಿಗದು.

ಪೆಟ್ಟಿಗೆ ಉರಿಸುವ ದೃಶ್ಯಕ್ಕೆ ಲೆಕ್ಕ ಕೊಡುತ್ತೇನೆ. ಇಂಜಿನ್, ಬೋಗಿ, ಜನ ಎಲ್ಲ ಸೇರಿ ನೂರು ಟನ್ ಎಂದುಕೊಳ್ಳಿ. 1 ಕಿಲೋಮೀಟರ್ ಸಾಗಿದರೆ 80 ಮೀಟರ್ ಎತ್ತರ. ಅದಕ್ಕೆ ಬೇಕಾದ ಶಕ್ತಿ ಸುಮಾರು 78 ಮೆಗಾಜೌಲ್. ಉಗಿ ಇಂಜಿನ್ ಉರಿಸಿದ್ದರಲ್ಲಿ ನೂರಕ್ಕೆ ಆರು ಪಾಲಷ್ಟೇ ಕೆಲಸಕ್ಕೆ ಬರುತ್ತದೆ ಎಂದು ಹಿಡಿಯೋಣ. ಒಣ ಕಟ್ಟಿಗೆ ಕಿಲೋಗೆ 15 ಮೆಗಾಜೌಲ್ ಕೊಡುತ್ತದೆ. ಹತ್ತು ಕಿಲೋ ತೂಗುವ ಮರದ ಪೆಟ್ಟಿಗೆ ಉರಿಸಿದರೆ ಕೈಗೆ ಸಿಗುವುದು 9 ಮೆಗಾಜೌಲ್. ತಿಕ್ಕಾಟಕ್ಕೆ ಹೋಗುವುದನ್ನು ಕಳೆದರೆ ಬಂಡಿ ಮುಂದೆ ಹೋಗುವುದು ನೂರು ಮೀಟರ್!

ಹಾಗಾಗಿ ದೃಶ್ಯ ಬೇಡ ಎನ್ನುವುದಿಲ್ಲ, ಇಡಿ. ಆದರೆ ಅತ್ತೆಯ ಅಜ್ಜಿಕಾಲದ ಸಾಗುವಾನಿ ಪೆಟ್ಟಿಗೆಯನ್ನು ಬೇಡಿ ಕಾಡಿ ಒಡೆದು ಬೆಂಕಿಗೆ ಹಾಕಿ, ಬಂಡಿ ನೂರು ಮೀಟರ್ ಹೋಗಿ ಮತ್ತೆ ನಿಲ್ಲಲಿ. ಲೆಕ್ಕ ಸರಿಯಾಗಿದೆ, ನಗುವೂ ಬರುತ್ತದೆ.

ಮಾವನಿಗೆ ಒಂದು ನಿಜವಾದ ಗೆಲುವು ಬೇಕಾದರೆ ಇಂಜೆಕ್ಟರ್ ಬಳಸಿ. ತೊಟ್ಟಿಯ ನೀರನ್ನು ಬಾಯ್ಲರ್ ಒಳಕ್ಕೆ ನುಗ್ಗಿಸುವ ಸಾಧನ ಅದು. ಪಂಪಿನ ಹಾಗೆ ಓಡುವ ಭಾಗಗಳೇ ಇಲ್ಲ, ಉಗಿಯ ಧಾರೆ ತಣ್ಣೀರಿಗೆ ತಾಗಿ ನೀರಾಗುವಾಗಿನ ಸೆಳೆತದಿಂದ ಕೆಲಸ ಮಾಡುತ್ತದೆ. ನೀರು ತಣ್ಣಗಿರಲೇಬೇಕು. ಬಾಯ್ಲರ್ ಕಡೆಯ ವಾಲ್ವ್ ಸೋರಿ ಬಿಸಿ ಉಗಿ ಹಿಂದಕ್ಕೆ ಬಂದರೆ ಇಂಜೆಕ್ಟರ್ ಕಾದುಹೋಗಿ ನೀರು ಹಿಡಿಯುವುದನ್ನು ಬಿಡುತ್ತದೆ, ಕೆಳಗಿನ ಕೊಳವೆಯಿಂದ ಬರೀ ಉಗಿ, ನೀರು ಚೆಲ್ಲುತ್ತದೆ. ಬಾಯ್ಲರ್‌ನಲ್ಲಿ ನೀರು ಕಡಿಮೆಯಾಗುತ್ತಾ ಹೋದರೆ ಬೆಂಕಿಗೂಡಿನ ನೆತ್ತಿಯ ತಗಡು ಬಯಲಾಗುತ್ತದೆ. ಅಲ್ಲಿರುವ ಲೆಡ್ ಪ್ಲಗ್, ಅಂದರೆ ಸೀಸದ ಬಿರಡೆ, ಕರಗಿ, ಉಗಿ ಬೆಂಕಿಯ ಮೇಲೆ ಸುರಿಯುತ್ತದೆ. ಅಲ್ಲಿಗೆ ಆ ದಿನದ ಪ್ರಯಾಣವೇ ಮುಗಿದಂತೆ. ಪಂದ್ಯದ ಅತಿ ದೊಡ್ಡ ಭಯ ಇದೇ ಆಗಿರಲಿ, ಆದರೆ ಆಗಬಾರದು.

ಕಾದ ಇಂಜೆಕ್ಟರ್‌ಗೆ ಇರುವ ಹಳೆಯ ಮದ್ದು ಒದ್ದೆ ಗೋಣಿ ಸುತ್ತಿ, ಮೇಲೆ ತಣ್ಣೀರು ಸುರಿಯುವುದು. ಆಮೇಲೆ ನೀರಿನ ಕವಾಟ ಮೊದಲು, ಉಗಿಯ ಕವಾಟ ನಂತರ ತೆರೆದರೆ ಹಿಡಿಯುತ್ತದೆ. ಮದುವೆ ಮನೆಯವರ ಹತ್ತಿರ ನೀರು ತುಂಬಿದ ತಾಮ್ರದ ಕಲಶ ಇದ್ದೇ ಇರುತ್ತದೆ. ಪುರೋಹಿತರು ಕೊಡಲು ಒಪ್ಪಬೇಕು, ಅಷ್ಟೇ. ರನ್ನಿಮೀಡ್ ಬಳಿ ಇದನ್ನು ಇಡಿ. ಸ್ಟೀಮ್ ಕಟ್ಟುವುದೂ ಸೇರಿ 18 ನಿಮಿಷ ಹಿಡಿಯಿರಿ.

ಮೀಟರ್‌ಗೇಜ್ ಬರೆದದ್ದು:

ನನಗೊಂದು ಆಕ್ಷೇಪ ಇದೆ. ಓಟದ ಹಾಸ್ಯ ಎಂದ ಮೇಲೆ ಎದುರಿಗೆ ಇನ್ನೊಂದು ವಾಹನ ಬೇಡವೇ? ಹಾಗಿದ್ದರೆ ಡಾರ್ಜಿಲಿಂಗ್ ಮಾರ್ಗವೇ ಒಳ್ಳೆಯದು. ಅಲ್ಲಿ ಹಳಿ ಹಿಲ್ ಕಾರ್ಟ್ ರಸ್ತೆಯ ಪಕ್ಕದಲ್ಲೇ ಹೋಗುತ್ತದೆ, ನೂರಕ್ಕೂ ಹೆಚ್ಚು ಕಡೆ ರಸ್ತೆಯನ್ನು ದಾಟುತ್ತದೆ. ಜೀಪಿಗೂ ರೈಲಿಗೂ ನಿಜವಾದ ಜಿದ್ದು ಸಾಧ್ಯ. ಹಲ್ಲುಪಟ್ಟಿ ಇಲ್ಲ. ಬಿ ದರ್ಜೆಯ ಪುಟ್ಟ ಇಂಜಿನ್‌ನ ಮೂತಿಯ ಮೇಲೆ ಇಬ್ಬರು ಕೂತು ಚಕ್ರ ಜಾರದಂತೆ ಹಳಿಗೆ ಕೈಯಾರೆ ಮರಳು ಹಾಕುತ್ತಾರೆ. ಕಲ್ಲಿದ್ದಲು ಒಡೆದುಕೊಡಲಿಕ್ಕೇ ಒಬ್ಬ ಇರುತ್ತಾನೆ. ಬಂಡಿ ಮುಂದೆ, ಹಿಂದೆ, ಮತ್ತೆ ಮುಂದೆ ಎಂದು ಝಡ್ ಆಕಾರದಲ್ಲಿ ಬೆಟ್ಟ ಹತ್ತುತ್ತದೆ. ನೋಡಲಿಕ್ಕೇ ಹಬ್ಬ.

ಹಲ್ಲುಹಳಿ ಬರೆದದ್ದು:

ಡಾರ್ಜಿಲಿಂಗ್ ಬಗ್ಗೆ ನೀವು ಹೇಳಿದ್ದೆಲ್ಲ ಸರಿ. ಆದರೆ ಕನ್ನಡದ ಕುಟುಂಬ ಅಲ್ಲಿಗೆ ಮದುವೆಗೆ ಹೋಗುವುದನ್ನು ನಂಬಿಸಲು ಇಡೀ ಮೊದಲ ದೃಶ್ಯ ಖರ್ಚಾಗುತ್ತದೆ. ನೀಲಗಿರಿಯಲ್ಲಿ ಆ ತೊಂದರೆ ಇಲ್ಲ. ಕೊಯಮತ್ತೂರು ಸುತ್ತ ಕನ್ನಡದ ದೇವಾಂಗರಿದ್ದಾರೆ, ಬೆಟ್ಟದ ಮೇಲೆ ಬಡಗರಿದ್ದಾರೆ. ಬಡಗರ ಮಾತು ಕನ್ನಡದ ಕಿವಿಗೆ ತೀರಾ ಹೊಸದಲ್ಲ. ಕೇತ್ತಿ ನಿಲ್ದಾಣದಲ್ಲಿ ಒಬ್ಬ ಬಡಗ ಅಜ್ಜಿ ಹತ್ತಿದರೆ ಅಲ್ಲಿಯವರೆಗೆ ತಮಿಳಿನಲ್ಲಿ ತಡವರಿಸಿದ ಮಾವನಿಗೆ ಜೀವ ಬರುತ್ತದೆ. ಒಂದು ಎಚ್ಚರಿಕೆ: ಈ ಕುಟುಂಬವನ್ನು ಮೈಸೂರಿನವರನ್ನಾಗಿ ಮಾಡಬೇಡಿ. ಮೈಸೂರಿನಿಂದ ಊಟಿಗೆ ಗುಂಡ್ಲುಪೇಟೆ, ಬಂಡೀಪುರದ ಮೇಲೆ ರಸ್ತೆಯಲ್ಲೇ ಹೋಗುತ್ತಾರೆ. ಮೆಟ್ಟುಪಾಳ್ಯಂಗೆ ಇಳಿದು ರೈಲು ಹತ್ತುವುದು ಸುತ್ತುದಾರಿ.

ಎದುರಾಳಿ ವಾಹನ ಬೇಕೇ ಬೇಕು ಎಂದರೆ ಕೂನೂರಿನಿಂದ ಮುಂದೆ ಒಂದು ಟ್ಯಾಕ್ಸಿ ತನ್ನಿ. ಕಾರಣ ಹೇಳುತ್ತೇನೆ. ಕೂನೂರು ಮೊದಲು ಕೊನೆಯ ನಿಲ್ದಾಣವಾಗಿತ್ತು, ಊಟಿಯ ಹಳಿ ಆಮೇಲೆ ಬಂದದ್ದು. ಅದಕ್ಕೇ ಊಟಿಗೆ ಹೊರಡುವ ಬಂಡಿ ಮೊದಲು ಬಂದ ದಿಕ್ಕಿಗೇ ಸ್ವಲ್ಪ ದೂರ ಹಿಂದೆ ಸರಿದು, ಆಮೇಲೆ ಮೇಲಿನ ಹಳಿ ಹಿಡಿಯುತ್ತದೆ. ಗೊತ್ತಿಲ್ಲದವರಿಗೆ ಬಂಡಿ ವಾಪಸ್ ಮೆಟ್ಟುಪಾಳ್ಯಂಗೆ ಹೊರಟಿತು ಎಂದೇ ಅನಿಸುತ್ತದೆ. ಮಾವ ಗಾಬರಿಯಾಗಿ ಕೆಳಗೆ ಹಾರಿ ಟ್ಯಾಕ್ಸಿ ಹಿಡಿಯಲಿ, ಮಾಂಗಲ್ಯ ಅತ್ತೆಯ ಮಡಿಲಲ್ಲಿ ಬಂಡಿಯಲ್ಲೇ ಉಳಿಯಲಿ. ಈಗ ಎರಡೂ ಊಟಿಯ ಕಡೆ ಹೊರಟವು. ಘಟ್ಟದಲ್ಲಿ ಆ ಕಾಲದ ಕಾರಿನ ರೇಡಿಯೇಟರ್ ಕುದಿಯುವುದು ಸಾಮಾನ್ಯ. ಅದಕ್ಕೂ ನೀರು ಬೇಕು, ಆದರೆ ಕಲಶ ಖಾಲಿಯಾಗಿದೆ.

ರಂಗಸಜ್ಜು ಬರೆದದ್ದು:

ಕೂನೂರಿನಲ್ಲಿ ಬಂಡಿ ಹಿಂದೆ ಹೋಗುವುದು ಗೊತ್ತೇ ಇರಲಿಲ್ಲ. ಎರಡನೇ ಅಂಕದ ಪರದೆ ಅಲ್ಲೇ ಬೀಳುತ್ತದೆ, ತೀರ್ಮಾನವಾಯಿತು. ಕಲಶದ ನೀರೂ ಬಂತು. ಇನ್ನು ಎರಡು ಪ್ರಶ್ನೆ ಉಳಿದವು. ಕೂನೂರಿನ ಮೇಲೆ ಎಷ್ಟು ಹೊತ್ತು ಗಳಿಸಬಹುದು? ಅಭಿಜಿನ್ ಲಗ್ನ ಎಂದರೆ ಗಡಿಯಾರದಲ್ಲಿ ಎಷ್ಟರಿಂದ ಎಷ್ಟು? ಹನ್ನೆರಡಕ್ಕೆ ಸರಿಯಾಗಿ ಮುಗಿಯುತ್ತದೆ ಎಂದು ಬರೆದಿದ್ದೇನೆ.

ಗಳಿಗೆಬಟ್ಟಲು ಬರೆದದ್ದು:

ಹನ್ನೆರಡಕ್ಕೆ ಮುಗಿಯುವುದಿಲ್ಲ, ತಿದ್ದಿಕೊಳ್ಳಿ. ಸೂರ್ಯೋದಯದಿಂದ ಅಸ್ತದವರೆಗಿನ ಹಗಲನ್ನು 15 ಭಾಗ ಮಾಡಿದರೆ ಎಂಟನೆಯದು ಅಭಿಜಿತ್. ಅಂದರೆ ನಿಜವಾದ ನಡುಹಗಲಿನ ಆಚೀಚೆ ಸಮನಾಗಿ ಇರುತ್ತದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ, ಊಟಿ ಇರುವುದು 76.7ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಸೂರ್ಯ ಅಲ್ಲಿ ನೆತ್ತಿಗೆ ಬರುವುದು 23 ನಿಮಿಷ ತಡ. ಮೇ ನಡುವಿನಲ್ಲಿ ಸೂರ್ಯ ಗಡಿಯಾರಕ್ಕಿಂತ ಮೂರೂವರೆ ನಿಮಿಷದಷ್ಟು ಮುಂದಿರುತ್ತಾನೆ, ಅದನ್ನು ಕಳೆದರೆ ನಡುಹಗಲು 12.20ರ ಹೊತ್ತಿಗೆ. ಆಗ ಹಗಲು 12 ಗಂಟೆ 40 ನಿಮಿಷದಷ್ಟು, ಅದರ ಹದಿನೈದನೇ ಒಂದು ಭಾಗ ಸುಮಾರು 51 ನಿಮಿಷ. ಆದ್ದರಿಂದ ಅಭಿಜಿತ್ 11.54ರಿಂದ 12.45ರವರೆಗೆ.

ಇದು ನಿಮಗೆ ಅನುಕೂಲವೇ. ‘ಹನ್ನೆರಡು ಹೊಡೆಯಿತು, ಎಲ್ಲ ಮುಗಿಯಿತು’ ಎಂದು ಮಾವ ಕುಸಿದು ಕೂತಾಗ ಪುರೋಹಿತರು ಪಂಚಾಂಗ ತೆಗೆದು ಈ ಲೆಕ್ಕ ಹೇಳಲಿ, ಓಟ ಮತ್ತೆ ಶುರುವಾಗಲಿ. ಪುರೋಹಿತರ ಪಾತ್ರಕ್ಕೆ ತೂಕವೂ ಬರುತ್ತದೆ. ಬುಧವಾರ ಮಾತ್ರ ಇಡಬೇಡಿ. ಆ ದಿನ ಅಭಿಜಿತ್ ಹಿಡಿಯಬಾರದು ಎನ್ನುವವರು ಇದ್ದಾರೆ.

ಹಲ್ಲುಹಳಿ ಬರೆದದ್ದು:

ಹಾಗಾದರೆ ಗಡಿಯಾರ ಕೂಡಿಸೋಣ. ಈಗಿನ ವೇಳೆಯನ್ನೇ ನಾಟಕಕ್ಕೂ ಇಟ್ಟುಕೊಳ್ಳಿ: ಬೆಳಗ್ಗೆ 7.10ಕ್ಕೆ ಮೆಟ್ಟುಪಾಳ್ಯಂ, ಮಧ್ಯಾಹ್ನ 12ರ ಹೊತ್ತಿಗೆ ಊಟಿ. ಕಲ್ಲಾರ್ 4, ಹಿಲ್‌ಗ್ರೋವ್ ನೀರು 6, ಕೋತಿ 9, ನಮಸ್ಕಾರ 5, ಇಂಜೆಕ್ಟರ್ 18, ಕೂನೂರಿನ ಗಲಾಟೆಗೆ 8. ಒಟ್ಟು 50 ನಿಮಿಷ ತಡ.

ಕೂನೂರಿನಿಂದ ಊಟಿಗೆ 18 ಕಿಲೋಮೀಟರ್. ಹಲ್ಲುಪಟ್ಟಿ ಇಲ್ಲ, ವೇಗದ ಮಿತಿ 30 ಕಿಲೋಮೀಟರ್. ಆದರೆ ಏರು ಇನ್ನೂ ಕಡಿದಾಗಿಯೇ ಇದೆ, 25ಕ್ಕೆ 1ರ ಆಸುಪಾಸು. ಇಂಜಿನ್ ಮಿತಿ ಮುಟ್ಟುವಷ್ಟು ಓಡುವುದು ಕಷ್ಟ. ಒದ್ದೆ ಹಳಿಯಾದರೆ ಚಕ್ರ ಜಾರಿ, ಮರಳು ಬಿಟ್ಟುಕೊಂಡು ಹೋಗಬೇಕು. ಗಳಿಸುವುದೇನಿದ್ದರೂ ವೆಲ್ಲಿಂಗ್ಟನ್, ಅರವಂಕಾಡು, ಕೇತ್ತಿ, ಲವ್‌ಡೇಲ್ ನಿಲುಗಡೆಗಳನ್ನು ಚುಟುಕು ಮಾಡಿ. ಸಾಮಾನು ಇಳಿಸಲು ಪ್ರಯಾಣಿಕರೇ ಕೈಕೊಡಬೇಕು, ಬಾಗಿಲುಗಳನ್ನು ಅವರೇ ಹಾಕಬೇಕು. ಹೀಗೆ 10 ನಿಮಿಷ ಗಳಿಸಬಹುದು, ಅದಕ್ಕಿಂತ ಹೆಚ್ಚು ಬರೆಯಬೇಡಿ. ಬಂಡಿ ಊಟಿ ಸೇರುವುದು 12.40ಕ್ಕೆ. ನಿಲ್ದಾಣದಿಂದ ಛತ್ರಕ್ಕೆ ನಡೆದರೆ 10 ನಿಮಿಷ ಎಂದಿಡಿ. ಆದರೆ 12.45ಕ್ಕೆ ಉಳಿದಿರುವುದು 5 ನಿಮಿಷವಷ್ಟೇ.

ಮೇಲಿನ ಭಾಗದಲ್ಲಿ ಬಂಡಿಯೊಳಗಿನ ಎಲ್ಲರೂ ಕೈಜೋಡಿಸುವುದು ನನಗೆ ಬಹಳ ಮುಖ್ಯ ಅನಿಸುತ್ತದೆ. ಕೆಳಗೆ ಬರೀ ತಡ ಮಾಡಿದ ಜನವೇ ಇಲ್ಲಿ ಕ್ಷಣ ಕ್ಷಣ ಉಳಿಸಿಕೊಡುತ್ತಾರೆ.

ಇನ್ನೊಂದು ಅಡಚಣೆ ಬೇಕಾದರೆ: ಇದು ಒಂಟಿ ಹಳಿ. ಮುಂದಿನ ನಿಲ್ದಾಣದವರೆಗೆ ಹಳಿ ಖಾಲಿ ಎಂಬ ಅನುಮತಿ ಡ್ರೈವರ್ ಕೈಗೆ ಬರದೆ ಬಂಡಿ ಕದಲುವುದಿಲ್ಲ. ಸ್ಟೇಷನ್ ಮಾಸ್ಟರ್ ಎಷ್ಟೇ ಕರುಣೆಯವರಾದರೂ ಅದನ್ನು ಮೀರುವಂತಿಲ್ಲ. ಅವರನ್ನು ಬೈಯುವ ಸಂಭಾಷಣೆ ಬೇಡ. ಅವರೂ ಗಡಿಯಾರ ನೋಡುತ್ತಾ ಚಡಪಡಿಸಲಿ.

ದನಿಬೆಳಕು ಬರೆದದ್ದು:

ರಂಗದ ಕಡೆಯಿಂದ ಒಂದಷ್ಟು.

ಇಡೀ ವೇದಿಕೆಯನ್ನು ಓರೆ ಮಾಡಲು ಹೋಗಬೇಡಿ. 12.5ಕ್ಕೆ 1 ಎಂದರೆ ನಾಲ್ಕೂವರೆ ಡಿಗ್ರಿ. ಕಣ್ಣಿಗೆ ಕಾಣುವುದು ಕಡಿಮೆ, ನಟರ ಕಾಲಿಗೆ ಮಾತ್ರ ತೊಂದರೆ. ಬದಲಿಗೆ ತೂಗುವ ವಸ್ತುಗಳನ್ನು ಓರೆ ಮಾಡಿ. ಸೂರಿನಿಂದ ಒಂದು ಮೀಟರ್ ದಾರದಲ್ಲಿ ಇಳಿಬಿಟ್ಟ ಲಾಟೀನು ಬೋಗಿಯೊಳಗೆ ಕೂತವನಿಗೆ ಹಿಂಬದಿಗೆ 8 ಸೆಂಟಿಮೀಟರ್ ವಾಲಿದಂತೆ ಕಾಣಬೇಕು. ದಾರದ ಬದಲು ಗಟ್ಟಿ ತಂತಿ ಬಳಸಿ ಬಗ್ಗಿಸಿಡಿ. ಕಲ್ಲಾರ್ ದಾಟಿದಾಗ ವಾಲಲಿ, ನಿಲ್ದಾಣ ಬಂದಾಗ ನೆಟ್ಟಗಾಗಲಿ. ಏಳು ಸೆಂಟಿಮೀಟರ್ ಅಗಲದ ಲೋಟದಲ್ಲಿ ಕಾಫಿ ಒಂದು ಕಡೆ ಇನ್ನೊಂದು ಕಡೆಗಿಂತ ಅರ್ಧ ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಏರಿರುತ್ತದೆ, ತುಂಬ ತುಂಬಿಸಿದರೆ ಹಿಂದಿನವನ ಪಂಚೆಗೆ. ಎಲ್ಲ ಚೆಲ್ಲುವುದೂ ಹಿಂದಕ್ಕೇ, ಇಂಜಿನ್ ಕಡೆಗೆ. ಇದನ್ನು ನಟರಿಗೆ ಮೊದಲ ತಾಲೀಮಿನಲ್ಲೇ ಹೇಳಿಬಿಡಿ.

ಕಿಟಕಿಯ ಆಚೆ ಸುರುಳಿ ಪರದೆ ಇಡುವುದಾದರೆ ವೇಗ ಲೆಕ್ಕ ಹಾಕಿ. ಗಂಟೆಗೆ 13 ಕಿಲೋಮೀಟರ್ ಎಂದರೆ ಸೆಕೆಂಡಿಗೆ 3.6 ಮೀಟರ್. ಹಳಿಯ ಪಕ್ಕದ ಗಿಡಕ್ಕೆ ಆ ವೇಗ ಸರಿ, ದೂರದ ಬೆಟ್ಟಕ್ಕೆ ಬಹಳ ಹೆಚ್ಚು. ಬೆಟ್ಟದ ಪರದೆಯನ್ನು ನಿಮಿಷಕ್ಕೆ ಒಂದು ಮೀಟರ್ ಮೀರದಂತೆ ಎಳೆಯಿರಿ.

ಸದ್ದಿನಲ್ಲಿ ನಗುವಿದೆ. ಸಾಧಾರಣ ಎರಡು ಸಿಲಿಂಡರ್ ಇಂಜಿನ್‌ನಲ್ಲಿ ಚಕ್ರ ಒಂದು ಸುತ್ತಿಗೆ ನಾಲ್ಕು ‘ಛುಕ್’. ಚಕ್ರ ಚಿಕ್ಕದಾದಷ್ಟೂ ಸುತ್ತು ಹೆಚ್ಚು. ಮೇಲೆ ಬಂದ ಡಾರ್ಜಿಲಿಂಗ್ ಇಂಜಿನ್ ತೆಗೆದುಕೊಳ್ಳಿ: ಚಕ್ರದ ಅಡ್ಡಳತೆ 66 ಸೆಂಟಿಮೀಟರ್, ಸುತ್ತಳತೆ 2 ಮೀಟರ್ ಚಿಲ್ಲರೆ. ಗಂಟೆಗೆ 12 ಕಿಲೋಮೀಟರಿಗೇ ಸೆಕೆಂಡಿಗೆ ಆರು ಛುಕ್ ದಾಟುತ್ತದೆ. ಕಿವಿಗೆ ಎಕ್ಸ್‌ಪ್ರೆಸ್, ಕಣ್ಣಿಗೆ ಸೈಕಲ್. ಊಟಿಯ ಇಂಜಿನ್ ಹಲ್ಲುಹಳಿಯಲ್ಲಿದ್ದಾಗ ಕೆಳಗಿನ ಸಿಲಿಂಡರಿನ ಉಗಿ ಮೇಲಿನದಕ್ಕೆ ಹೋಗುವುದರಿಂದ ಚಿಮಣಿಯಿಂದ ಕೇಳುವುದು ಮೇಲಿನ ಜೋಡಿಯ ಸದ್ದು. ನಡುವೆ ಗೇರು ಇರುವುದರಿಂದ ಆ ಜೋಡಿ ಕೆಳಗಿನದಕ್ಕಿಂತ ಚುರುಕಾಗಿ ಬಡಿಯುತ್ತದೆ. ಹಾಗಾಗಿ ಕಲ್ಲಾರ್‌ನವರೆಗೆ ಆರಾಮದ ಛುಕ್, ದಾಟಿದ ಮೇಲೆ ಅವಸರದ ಛುಕ್, ಆದರೆ ಬಂಡಿ ಮೊದಲಿಗಿಂತ ನಿಧಾನ. ಮಾವ ಸದ್ದು ಕೇಳಿ ‘ಈಗ ಓಡ್ತಿದೆ ನೋಡಿ’ ಎನ್ನಲಿ, ಅತ್ತೆ ಕಿಟಕಿಯಾಚೆ ನಡೆದುಹೋಗುತ್ತಿರುವ ಗ್ಯಾಂಗ್‌ಮನ್‌ನ ಹತ್ತಿರ ಮಾತಾಡುತ್ತಿರಲಿ.

ಸುರಂಗ ದಾಟಿದ ಮೇಲೆ ಎಲ್ಲರ ಮುಖಕ್ಕೂ ಮಸಿ ಹಚ್ಚಬೇಡಿ. ಇಂಜಿನ್ ಹಿಂದಿದೆ. ಸುರಂಗವೂ ಏರಾಗಿರುವುದರಿಂದ ಬಿಸಿ ಹೊಗೆ ಮೇಲ್ಮುಖವಾಗಿ ಹರಿದು ಇಂಜಿನ್‌ಗೆ ಹತ್ತಿರದ ಬೋಗಿಯವರಿಗೆ ತಟ್ಟುತ್ತದೆ. ಮಸಿ ಬೇಕಾದ ಪಾತ್ರವನ್ನು ಆ ಬೋಗಿಯಲ್ಲೇ ಕೂರಿಸಿ. ಹೊಗೆಗೆ ಗ್ಲಿಸರಿನ್ ಯಂತ್ರ ಸಾಕು, ಮುಚ್ಚಿದ ಸಭಾಂಗಣದಲ್ಲಿ ಏನನ್ನೂ ಸುಡಬೇಡಿ.

ದೃಶ್ಯ ಬದಲಾವಣೆಗೆ ನಿಲ್ದಾಣದ ಹಳದಿ ಫಲಕಗಳನ್ನು ಬಳಸಿ. ಸಮುದ್ರಮಟ್ಟದಿಂದ ಎತ್ತರವನ್ನು ಅದರಲ್ಲೇ ಬರೆದಿರುತ್ತಾರೆ. ಮೆಟ್ಟುಪಾಳ್ಯಂ ಸುಮಾರು 325 ಮೀಟರ್, ಹಿಲ್‌ಗ್ರೋವ್ 1,090, ಕೂನೂರು 1,710, ಊಟಿ 2,200. ಎತ್ತರ ಏರಿದಂತೆ ನಟರು ಒಂದೊಂದೇ ಶಾಲು, ಸ್ವೆಟರ್ ಹಾಕಿಕೊಳ್ಳುತ್ತಾ ಹೋದರೆ ಹೇಳದೆಯೇ ಗೊತ್ತಾಗುತ್ತದೆ.

ಕೊನೆಯದಾಗಿ ಕೈಸಾಮಾನು. 1962ರಲ್ಲಿ ಟಿಕೆಟ್ ಎಂದರೆ ಚಿಕ್ಕ ದಪ್ಪ ರಟ್ಟಿನ ಚೂರು, ತಾರೀಕು ಯಂತ್ರದಲ್ಲಿ ಒತ್ತಿಸಿ ಕೊಡುತ್ತಿದ್ದರು. ಮೂರನೇ ದರ್ಜೆ ಆಗ ಇತ್ತು. ಚಿಲ್ಲರೆ ಎಣಿಸುವ ಮಾತು ಬಂದರೆ ‘ನಯಾಪೈಸೆ’ ಎನ್ನಿ, ಬರೀ ‘ಪೈಸೆ’ ಆದದ್ದು 1964ರಲ್ಲಿ. ಮಾವ ಟಿಕೆಟನ್ನು ಮಾಂಗಲ್ಯದ ಗಂಟಿನಲ್ಲೇ ಇಟ್ಟಿದ್ದರೆ, ಊಟಿಯ ಗೇಟಿನಲ್ಲಿ ಟಿಕೆಟ್ ಕಲೆಕ್ಟರ್ ಕೈಚಾಚಿದಾಗ ಉಳಿದ ಆ 5 ನಿಮಿಷಕ್ಕೆ ಕೆಲಸ ಸಿಗುತ್ತದೆ.